ಮಳಖೇಡದ ಹಾರಸಂಖ್ಯೆ ಮತ್ತು ಅರಬೀ ಗಣಿತಜ್ಞರ ಅಳತೆಗೋಲು

12345654321. ಒಂದರಿಂದ ಆರರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಅದೇ ಕ್ರಮದಲ್ಲಿ ಮತ್ತೆ ಒಂದಕ್ಕೆ ಇಳಿಯುವ ಈ ಹನ್ನೊಂದು ಅಂಕಿಗಳ ಸಂಖ್ಯೆ ನಮ್ಮ ನಾಡಿನ ಒಂದು ಗ್ರಂಥದಲ್ಲಿ ಸುಮಾರು ಸಾವಿರದ ನೂರೈವತ್ತು ವರ್ಷಗಳಿಂದ ಇದೆ. ಗ್ರಂಥದ ಹೆಸರು ‘ಗಣಿತಸಾರಸಂಗ್ರಹ’. ಬರೆದವರು ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು. ಕಾಲ ಸುಮಾರು ಕ್ರಿ.ಶ. 850. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ಆಗ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಆಳುತ್ತಿದ್ದ ಅಮೋಘವರ್ಷ ನೃಪತುಂಗನನ್ನು ಮಹಾವೀರಾಚಾರ್ಯರು ತಮ್ಮ ಗ್ರಂಥದ ಆರಂಭದಲ್ಲಿ ಸ್ತುತಿಸಿದ್ದಾರೆ. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ.

ಮಹಾವೀರಾಚಾರ್ಯರು ಈ ಸಂಖ್ಯೆಯನ್ನು ಗುಣಾಕಾರದ ಒಂದು ಅಭ್ಯಾಸವಾಗಿ ನೀಡುತ್ತಾರೆ. 27994681ನ್ನು 441ರಿಂದ ಗುಣಿಸಿದರೆ ಬರುವ ಉತ್ತರ ಅದು. ಇಂತಹ ಲೆಕ್ಕಗಳು ಅವರಲ್ಲಿ ಇನ್ನೂ ಹಲವಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. 14287143ನ್ನು 7ರಿಂದ ಗುಣಿಸಿದರೆ 100010001. 142857143ನ್ನು ಅದೇ 7ರಿಂದ ಗುಣಿಸಿದರೆ 1000000001. 333333666667ನ್ನು 33ರಿಂದ ಗುಣಿಸಿದರೆ 11000011000011. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂತಹ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಚಿತ್ರಕಾವ್ಯದಲ್ಲಿ ‘ಗತಪ್ರತ್ಯಾಗತ’ವೆಂದು ಕರೆಯುವ ಚಮತ್ಕಾರವೇ ಇಲ್ಲಿ ಅಂಕಿಗಳಲ್ಲಿ ಬಂದಿದೆ.

ಮುಸ್ಲಿಮ್ ಕುಟುಂಬಗಳ ಓದಿಗೆಂದು ಬರೆಯುವ ಈ ಲೇಖನದಲ್ಲಿ ಮಳಖೇಡದ ಜೈನ ಆಚಾರ್ಯರಿಗೇನು ಕೆಲಸ ಎಂದು ಕೆಲವರು ಕೇಳಬಹುದು. ಅದಕ್ಕೆ ಉತ್ತರ ಅದೇ ಶತಮಾನದಲ್ಲಿದೆ. ಅಮೋಘವರ್ಷನು ಪಟ್ಟಕ್ಕೆ ಬಂದದ್ದೂ ಬಗ್ದಾದಿನಲ್ಲಿ ಖಲೀಫ ಮಅ್‌ಮೂನ್ ಅಧಿಕಾರ ವಹಿಸಿಕೊಂಡದ್ದೂ ಬಹುಮಟ್ಟಿಗೆ ಒಂದೇ ಕಾಲದಲ್ಲಿ. ಮಅ್‌ಮೂನ್ 813ರಲ್ಲಿ, ಅಮೋಘವರ್ಷ ಸುಮಾರು 814ರಲ್ಲಿ. ಹಿಜ್ರಿ 237ರಲ್ಲಿ, ಅಂದರೆ ಕ್ರಿ.ಶ. 851ರಲ್ಲಿ, ಸಿದ್ಧವಾದ ಮತ್ತು ಸಾಮಾನ್ಯವಾಗಿ ವರ್ತಕ ಸುಲೈಮಾನರ ಹೆಸರಿನಲ್ಲಿ ತಿಳಿಯಲ್ಪಡುವ ಅರಬೀ ವೃತ್ತಾಂತವೊಂದು ಲೋಕದ ನಾಲ್ವರು ಮಹಾರಾಜರನ್ನು ಹೆಸರಿಸುತ್ತದೆ: ಅರಬರ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ ಮತ್ತು ಹಿಂದ್‌ನ ‘ಬಲ್ಹರಾ’. ಬಲ್ಹರಾ ಎಂದರೆ ವಲ್ಲಭರಾಜ. ರಾಷ್ಟ್ರಕೂಟ ದೊರೆಗಳ ಬಿರುದು. ಮುಂದೆ ಹತ್ತನೆಯ ಶತಮಾನದಲ್ಲಿ ಇತಿಹಾಸಕಾರ ಮಸ್‌ಊದಿ, ಬಲ್ಹರಾನ ರಾಜಧಾನಿ ‘ಮಾನ್‌ಕೀರ್’ ಎಂದೂ ಅವನ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವವಿದೆ, ಮಸೀದಿಗಳಿವೆ ಎಂದೂ ಬರೆದರು. ಮಾನ್‌ಕೀರ್ ಎಂಬುದು ಮಾನ್ಯಖೇಟವೇ. ಮಹಾವೀರಾಚಾರ್ಯರು ಹಾರಸಂಖ್ಯೆಗಳನ್ನು ಪೋಣಿಸುತ್ತಿದ್ದ ದಿನಗಳಲ್ಲಿ ಅವರ ದೊರೆಯ ಹೆಸರು ಅರಬೀ ವರ್ತಕರಿಗೆ ಪರಿಚಿತವಾಗಿತ್ತು.

ಆದರೆ ಆ ವರ್ತಕರು ‘ಗಣಿತಸಾರಸಂಗ್ರಹ’ವನ್ನು ಬಗ್ದಾದಿಗೆ ಕೊಂಡೊಯ್ದರೆಂದು ಹೇಳಲು ಯಾವ ಆಧಾರವೂ ಇಲ್ಲ. ಹಾಗೆ ಹೇಳಿ ಹೆಮ್ಮೆಪಡುವ ಆಸೆ ನಮಗಿಲ್ಲ. ಸಾಗಿದ್ದು ಗ್ರಂಥವಲ್ಲ, ಬರೆಯುವ ವಿಧಾನ. ಹತ್ತೇ ಚಿಹ್ನೆಗಳಲ್ಲಿ, ಸೊನ್ನೆಯೂ ಸೇರಿದಂತೆ, ಸ್ಥಾನಬೆಲೆಯ ಮೂಲಕ ಯಾವ ಸಂಖ್ಯೆಯನ್ನಾದರೂ ಬರೆಯುವ ಭಾರತೀಯ ಕ್ರಮವನ್ನು ಮುಹಮ್ಮದ್ ಇಬ್ನು ಮೂಸಾ ಅಲ್ ಖ್ವಾರಿಝ್ಮಿ ಒಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅರಬೀ ಓದುಗರಿಗೆ ವಿವರಿಸಿದರು. ಅದಕ್ಕೆ ಅರಬರು ‘ಹಿಂದೀ ಲೆಕ್ಕ’ವೆಂದೇ ಹೆಸರಿಟ್ಟರು, ತಮ್ಮದೆಂದು ಹೇಳಿಕೊಳ್ಳಲಿಲ್ಲ. ಈ ಪ್ರಾಮಾಣಿಕತೆಯನ್ನು ನಾವು ಗಮನಿಸಬೇಕು, ಏಕೆಂದರೆ ಇಂದು ನಮ್ಮ ಮೊಬೈಲುಗಳಿಗೆ ಬರುವ ಸಂದೇಶಗಳಲ್ಲಿ ‘ಎಲ್ಲವನ್ನೂ ಕಂಡುಹಿಡಿದವರು ನಾವೇ’ ಎಂಬ ಮಾತು ಎರಡೂ ಕಡೆಯಿಂದ ಬರುತ್ತಿದೆ.

ಅದಕ್ಕೂ ಮೊದಲು ಅರಬರು ಸಂಖ್ಯೆಗಳನ್ನು ಬರೆಯುತ್ತಿದ್ದದ್ದು ಅಕ್ಷರಗಳಲ್ಲಿ. ಅಲಿಫ್‌ಗೆ ಒಂದು, ಬಾಗೆ ಎರಡು, ಹೀಗೆ ಸಾಗಿ ಕೊನೆಯ ಅಕ್ಷರಕ್ಕೆ ಸಾವಿರ. ಇದೇ ಅಬ್ಜದ್ ಕ್ರಮ. ಸಾವಿರಕ್ಕಿಂತ ದೊಡ್ಡದನ್ನು ‘ಸಾವಿರದ ಸಾವಿರ’ ಎಂದು ಕೂಡಿಸಿ ಹೇಳಬೇಕಾಗಿತ್ತು. ಭಾರತದಲ್ಲಿ ದೊಡ್ಡ ಸಂಖ್ಯೆಗಳಿಗೆ ಪ್ರತ್ಯೇಕ ಹೆಸರುಗಳೇ ಇದ್ದವು. ಅಲ್ ಬೀರೂನಿ ತಮ್ಮ ಹಿಂದ್ ಕುರಿತ ಗ್ರಂಥದಲ್ಲಿ 18 ಸ್ಥಾನಗಳ ಹೆಸರುಗಳನ್ನು ದಾಖಲಿಸಿದ್ದಾರೆ. ಮಳಖೇಡದ ಆಚಾರ್ಯರ ಪಟ್ಟಿ ಇನ್ನೂ ಉದ್ದ: ಏಕ, ದಶ, ಶತದಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳು. ನಮ್ಮ ಹಾರಸಂಖ್ಯೆಯ ಮೊದಲ ಅಂಕಿ ಅವರ ಪಟ್ಟಿಯ ಹನ್ನೊಂದನೆಯದಾದ ಅರ್ಬುದ ಸ್ಥಾನದಲ್ಲಿ ನಿಲ್ಲುತ್ತದೆ. ಇಂದಿನ ಮಾತಿನಲ್ಲಿ ಅದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹೀಗೆ ಬಾಯಲ್ಲಿ ಹೇಳಿದೊಡನೆ ಹಾರ ಮಾಯವಾಗುತ್ತದೆ. ಅಬ್ಜದ್ ಅಕ್ಷರಗಳಲ್ಲಿ ಬರೆದರೂ ಮಾಯವಾಗುತ್ತದೆ. ಹಾಗಾದರೆ ಅದರ ಸೌಂದರ್ಯ ಸಂಖ್ಯೆಯದೋ, ಬರವಣಿಗೆಯದೋ?

ಬರವಣಿಗೆಯದು ಎಂದೇ ಹೇಳಬೇಕಾಗುತ್ತದೆ. ಬರವಣಿಗೆ ಬದಲಾದರೂ ಬದಲಾಗದ ಗುಣವೇನಾದರೂ ಆ ಸಂಖ್ಯೆಗೆ ಇದೆಯೇ ಎಂದು ನೋಡಲು ಬೇರೊಂದು ಅಳತೆಗೋಲು ಬೇಕು. ಆ ಅಳತೆಗೋಲನ್ನು ಶತಮಾನಗಳ ಕಾಲ ತಿದ್ದಿ ತೀಡಿದವರು ಅರಬೀ ಭಾಷೆಯಲ್ಲಿ ಬರೆದ ಗಣಿತಜ್ಞರು.

ಅದರ ಮೂಲ ಗ್ರೀಕರದು. ಇಂದಿನ ಜೋರ್ಡಾನಿನ ಜೆರಾಶ್ ಊರಿನವರಾದ ನಿಕೋಮಾಕಸ್ ಸುಮಾರು ಕ್ರಿ.ಶ. 100ರಲ್ಲಿ ಸಂಖ್ಯೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಆ ಸಂಖ್ಯೆಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳನ್ನೂ ಅದರ ‘ಭಾಗ’ಗಳೆಂದು ಕರೆಯೋಣ. ಆ ಭಾಗಗಳನ್ನು ಕೂಡಿಸಿದಾಗ ಮೂಲ ಸಂಖ್ಯೆಯೇ ಬಂದರೆ ಅದು ಪರಿಪೂರ್ಣ, ಅರಬಿಯಲ್ಲಿ ‘ತಾಮ್ಮ್’. ಕಡಿಮೆ ಬಂದರೆ ಊನ, ‘ನಾಕಿಸ್’. ಹೆಚ್ಚು ಬಂದರೆ ಅಧಿಕ, ‘ಝಾಇದ್’. 6ರ ಭಾಗಗಳು 1, 2, 3, ಕೂಡಿದರೆ 6. ಆದ್ದರಿಂದ 6 ಪರಿಪೂರ್ಣ. 8ರ ಭಾಗಗಳು 1, 2, 4; ಮೊತ್ತ 7, ಊನ. 12ರ ಭಾಗಗಳು 1, 2, 3, 4, 6. ಮೊತ್ತ 16, ಅಧಿಕ. ಅಂಕಿಗಳನ್ನು ಕನ್ನಡದಲ್ಲಿ ಬರೆಯಿರಿ, ಅರಬಿಯಲ್ಲಿ ಬರೆಯಿರಿ, ಹುಣಿಸೆಬೀಜಗಳನ್ನು ಸಾಲಾಗಿ ಇಡಿರಿ. ಈ ಗುಣ ಬದಲಾಗುವುದಿಲ್ಲ.

ಮದ್ರಸದಲ್ಲಿ ‘ಫರಾಇಝ್’ ಅಂದರೆ ವಾರಸು ಹಂಚಿಕೆಯ ಪಾಠ ಓದಿದವರಿಗೆ ಈ ಮೂರು ವರ್ಗಗಳು ಅಪರಿಚಿತವೆನಿಸಲಾರವು. ಸೂರಃ ಅನ್ನಿಸಾ ನಿಗದಿಪಡಿಸಿದ ಪಾಲುಗಳು ಆರು: ಅರ್ಧ, ಕಾಲು, ಎಂಟನೇ ಒಂದು, ಮೂರನೇ ಎರಡು, ಮೂರನೇ ಒಂದು, ಆರನೇ ಒಂದು. ಒಂದು ಪ್ರಕರಣದಲ್ಲಿ ಪಾಲುಗಳೆಲ್ಲ ಸೇರಿ ಆಸ್ತಿಗೆ ಸರಿಸಮವಾದರೆ ಅದು ‘ಆದಿಲ’, ಕಡಿಮೆಯಾದರೆ ‘ನಾಕಿಸ’, ಮೀರಿದರೆ ‘ಆಇಲ’. ಹ. ಅಲಿ(ರ)ಯವರು ಮಿಂಬರಿನ ಮೇಲಿದ್ದಾಗಲೇ ಉತ್ತರಿಸಿದರೆಂದು ಪ್ರಸಿದ್ಧವಾಗಿರುವ ಪ್ರಕರಣವನ್ನೇ ನೋಡಿರಿ. ಪತ್ನಿ, ಇಬ್ಬರು ಪುತ್ರಿಯರು, ತಂದೆ, ತಾಯಿ. 8, 3, 6 ಇವುಗಳ ಲ.ಸಾ.ಅ. 24. ಪತ್ನಿಗೆ 3, ಪುತ್ರಿಯರಿಗೆ 16, ತಂದೆಗೆ 4, ತಾಯಿಗೆ 4, ಕೂಡಿದರೆ 27. ಆದ್ದರಿಂದ ಆಸ್ತಿಯನ್ನು 24ರ ಬದಲು 27 ಭಾಗಗಳಾಗಿ ಮಾಡಲಾಗುತ್ತದೆ. ಪತ್ನಿಯ ಎಂಟನೇ ಒಂದು ಒಂಬತ್ತನೇ ಒಂದಾಗುತ್ತದೆ. ಖ್ವಾರಿಝ್ಮಿಯವರ ಬೀಜಗಣಿತ ಗ್ರಂಥದ ದೊಡ್ಡ ಭಾಗ ಇಂತಹ ವಾರಸು ಲೆಕ್ಕಗಳಿಗೇ ಮೀಸಲು. ಲ.ಸಾ.ಅ. ಕಂಡುಹಿಡಿಯುವ ವಿಧಾನವನ್ನು ‘ನಿರುದ್ಧ’ ಎಂಬ ಹೆಸರಿನಲ್ಲಿ ಅದೇ ಶತಮಾನದಲ್ಲಿ ಬರೆದಿಟ್ಟವರು ಮಹಾವೀರಾಚಾರ್ಯರು. ಗಣಿತವನ್ನು ‘ದುನಿಯಾದ ವಿದ್ಯೆ’ ಎಂದು ಪಕ್ಕಕ್ಕಿಡುವವರು ಫರಾಇಝ್‌ನ ಒಂದು ಪುಟವನ್ನೂ ದಾಟಲಾರರು ಎಂಬುದು ನಮ್ಮ ಅಭಿಪ್ರಾಯ.

ನಿಕೋಮಾಕಸರ ಗ್ರಂಥವನ್ನು ಅರಬಿಗೆ ತಂದವರು ಸಾಬಿತ್ ಇಬ್ನು ಕುರ್ರಃ (836–901). ಇಂದಿನ ತುರ್ಕಿಯಲ್ಲಿರುವ ಹರ್‍ರಾನಿನವರು. ಮೊದಲು ಚಿನಿವಾರ ವೃತ್ತಿಯಲ್ಲಿದ್ದರೆಂದು ಹೇಳಲಾಗುತ್ತದೆ. ಅವರು ಮುಸ್ಲಿಮರಲ್ಲ, ಸಾಬಿ ಮತದವರು. ಬಗ್ದಾದಿನ ವಿದ್ವತ್‌ಸಭೆಗಳಲ್ಲಿ ಅದು ಅಡ್ಡಿಯಾಗಲಿಲ್ಲ. ಒಂದರ ಭಾಗಗಳ ಮೊತ್ತ ಇನ್ನೊಂದಾಗುವ ಸಂಖ್ಯಾಜೋಡಿಗಳನ್ನು, ಅಂದರೆ 220 ಮತ್ತು 284ರಂತಹ ‘ಸ್ನೇಹಸಂಖ್ಯೆ’ಗಳನ್ನು, ಕಂಡುಹಿಡಿಯುವ ಸೂತ್ರವನ್ನು ಸಾಬಿತ್ ಸಾಧಿಸಿ ತೋರಿಸಿದರು. ಆ ಸೂತ್ರದ ಫಲವಾಗಿ ಹದಿಮೂರು-ಹದಿನಾಲ್ಕನೆಯ ಶತಮಾನಗಳ ಸಂಧಿಕಾಲದಲ್ಲಿ ಇರಾನಿನ ಕಮಾಲುದ್ದೀನ್ ಅಲ್ ಫಾರಿಸಿ ಮತ್ತು ಮರ್ರಾಕಿಶಿನ ಇಬ್ನುಲ್ ಬನ್ನಾ 17296 ಹಾಗೂ 18416ರ ಜೋಡಿಯನ್ನು ತಲುಪಿದರು. ಹದಿನೇಳನೆಯ ಶತಮಾನದಲ್ಲಿ ಮುಹಮ್ಮದ್ ಬಾಕಿರ್ ಯಝ್ದಿಯವರು 93,63,584 ಮತ್ತು 94,37,056ರ ಜೋಡಿಯನ್ನು ಕಂಡರು. ಯೂರೋಪಿನಲ್ಲಿ ಇವು ಬಹುಕಾಲ ಫರ್ಮಾ ಮತ್ತು ದೆಕಾರ್ತರ ಹೆಸರಿನಲ್ಲೇ ಇದ್ದವು.

ಅಬೂ ಮನ್ಸೂರ್ ಅಲ್ ಬಗ್ದಾದಿ (ನಿಧನ 1037) ನಮ್ಮ ಓದುಗರಲ್ಲಿ ಕೆಲವರಿಗೆ ಅಕೀದಃ ವಿಷಯದ ಗ್ರಂಥಕರ್ತರಾಗಿ ಪರಿಚಿತರಿರಬಹುದು. ಅವರ ಅಂಕಗಣಿತ ಗ್ರಂಥ ‘ಅತ್ತಕ್ಮಿಲಃ’ವೂ ಅಷ್ಟೇ ಗಟ್ಟಿಯಾದುದು. ಹತ್ತು, ನೂರು, ಸಾವಿರಗಳ ಪ್ರತಿ ಹಂತದಲ್ಲೂ ಒಂದೊಂದು ಪರಿಪೂರ್ಣ ಸಂಖ್ಯೆ ಇದ್ದೇ ಇರುತ್ತದೆ ಎಂಬ ಹಳೆಯ ನಂಬಿಕೆಯನ್ನು ಅವರು ತಿರಸ್ಕರಿಸಿದರು; ಹತ್ತು ಸಾವಿರ ಮತ್ತು ಲಕ್ಷದ ನಡುವೆ ಅಂತಹದೊಂದೂ ಇಲ್ಲವೆಂದು ತೋರಿಸಿದರು. ಭಾಗಗಳ ಮೊತ್ತ ಒಂದೇ ಆಗಿರುವ ಸಂಖ್ಯೆಗಳನ್ನು ‘ಸಮತೂಕದವು’ ಎಂದು ಇನ್ನೊಂದು ವರ್ಗವನ್ನಾಗಿ ಮಾಡಿದರು. 159, 559, 703 ಈ ಮೂರರ ಭಾಗಗಳನ್ನೂ ಕೂಡಿಸಿ ನೋಡಿರಿ, ಪ್ರತಿಬಾರಿಯೂ 57 ಬರುತ್ತದೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಅವರ ಮತ್ತೊಂದು ಗಮನಿಕೆ. ಅಧಿಕ ಸಂಖ್ಯೆಗಳೆಲ್ಲ ಸಮಸಂಖ್ಯೆಗಳೇ ಎಂದು ಮೇಲ್ನೋಟಕ್ಕೆ ತೋರುತ್ತದೆ: 12, 18, 20, 24, ಹೀಗೆ. ಆದರೆ ಬೆಸಸಂಖ್ಯೆಗಳಲ್ಲೂ ಅಧಿಕವಿದೆ, ಅವುಗಳಲ್ಲಿ ಮೊದಲನೆಯದು 945 ಎಂದು ಅವರು ಹೇಳಿದರು. ಅದರ ಭಾಗಗಳ ಮೊತ್ತ 975.

ಈಗ ಮಳಖೇಡದ ಬೆಸಸಂಖ್ಯೆಯನ್ನು ಈ ಅಳತೆಗೋಲಿಗೆ ಹಿಡಿಯೋಣ. ದೊಡ್ಡ ಸಂಖ್ಯೆಯ ಭಾಗಗಳನ್ನು ಒಂದೊಂದಾಗಿ ಹುಡುಕುವುದು ಸಾಧ್ಯವಿಲ್ಲ. ಅದಕ್ಕೆ ದಾರಿಯನ್ನು ಅಲ್ ಫಾರಿಸಿ ತಮ್ಮ ಸ್ನೇಹಸಂಖ್ಯೆಗಳ ಗ್ರಂಥದಲ್ಲಿ ಹಾಕಿಕೊಟ್ಟಿದ್ದಾರೆ. (ಕಾಮನಬಿಲ್ಲು ಹೇಗೆ ಮೂಡುತ್ತದೆಂದು ವಿವರಿಸಿದವರೂ ಇವರೇ.) ಮೊದಲು ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯಬೇಕು.

441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಅಂದರೆ ನಮ್ಮ ಹಾರಸಂಖ್ಯೆಯು 111111ರ ವರ್ಗ. 111111ನ್ನು ಒಡೆಯುವುದು ಸುಲಭ: 111ನ್ನು 1001ರಿಂದ ಗುಣಿಸಿದರೆ ಅದು ಬರುತ್ತದೆ. 111 ಎಂದರೆ ಮೂರು ಮೂವತ್ತೇಳು. 1001, ಆ ಪ್ರಸಿದ್ಧ ಅರಬೀ ಕಥೆಗಳ ರಾತ್ರಿಗಳ ಸಂಖ್ಯೆ, 7, 11 ಮತ್ತು 13ರ ಗುಣಲಬ್ಧ. ಹೀಗೆ ಹಾರಸಂಖ್ಯೆಯಲ್ಲಿ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಎರಡೆರಡು ಬಾರಿ ಬರುತ್ತವೆ. ಭಾಜಕವೊಂದನ್ನು ರಚಿಸುವಾಗ ಪ್ರತಿ ಅವಿಭಾಜ್ಯವನ್ನೂ ಸೇರಿಸದೆ ಬಿಡಬಹುದು, ಒಮ್ಮೆ ಸೇರಿಸಬಹುದು, ಎರಡು ಬಾರಿ ಸೇರಿಸಬಹುದು; ಮೂರು ಆಯ್ಕೆಗಳು. ಐದಕ್ಕೂ ಮೂರು ಮೂರು ಆಯ್ಕೆಗಳೆಂದರೆ ಒಟ್ಟು 243 ಭಾಜಕಗಳು. ಸಂಖ್ಯೆಯನ್ನೇ ಬಿಟ್ಟರೆ 242 ಭಾಗಗಳು.

ಮೊತ್ತಕ್ಕೆ 1, 3, 9 ಕೂಡಿಸಿರಿ: 13. ಹಾಗೆಯೇ 1, 7, 49 ಸೇರಿ 57. 1, 11, 121 ಸೇರಿ 133. 1, 13, 169 ಸೇರಿ 183. 1, 37, 1369 ಸೇರಿ 1407. ಈ ಐದನ್ನೂ ಪರಸ್ಪರ ಗುಣಿಸಿದರೆ 25,37,55,24,993. ಇದು ಎಲ್ಲ 243 ಭಾಜಕಗಳ ಮೊತ್ತ. ಇದರಿಂದ 12,34,56,54,321ನ್ನು ಕಳೆದರೆ ಭಾಗಗಳ ಮೊತ್ತ ಉಳಿಯುತ್ತದೆ: 13,02,98,70,672. ಅದು ಮೂಲಕ್ಕಿಂತ 68,42,16,351ರಷ್ಟು ಹೆಚ್ಚು. ಹೀಗೆ ಮಳಖೇಡದ ಹಾರಸಂಖ್ಯೆ ಬಗ್ದಾದಿಯವರು 945ರಿಂದ ಆರಂಭಿಸಿದ ಅಪರೂಪದ ವರ್ಗಕ್ಕೆ ಸೇರುತ್ತದೆ. ಅದು ಬೆಸವಾಗಿದ್ದೂ ಅಧಿಕವಾದ ಸಂಖ್ಯೆ.

ಅದು ಪರಿಪೂರ್ಣವಾಗುವ ಸಾಧ್ಯತೆ ಇತ್ತೇ? ಇಲ್ಲ. ಅದಕ್ಕೆ ಗುಣಾಕಾರವನ್ನೂ ಮಾಡಬೇಕಾಗಿಲ್ಲ. ಪರಿಪೂರ್ಣ ಸಂಖ್ಯೆಯ ಎಲ್ಲ ಭಾಜಕಗಳ ಮೊತ್ತ ಆ ಸಂಖ್ಯೆಯ ಎರಡರಷ್ಟು, ಅಂದರೆ ಸಮಸಂಖ್ಯೆ. ಬೆಸ ವರ್ಗಸಂಖ್ಯೆಗಾದರೋ ಭಾಜಕಗಳೆಲ್ಲ ಬೆಸ, ಅವುಗಳ ಎಣಿಕೆಯೂ ಬೆಸ (ಇಲ್ಲಿ 243). ಬೆಸಗಳನ್ನು ಬೆಸಬಾರಿ ಕೂಡಿಸಿದರೆ ಬೆಸವೇ ಬರುತ್ತದೆ. ಆದ್ದರಿಂದ ಯಾವ ಬೆಸ ವರ್ಗಸಂಖ್ಯೆಯೂ ಪರಿಪೂರ್ಣವಾಗಲಾರದು.

ಇಲ್ಲಿ ಒಂದು ಬೆರಗು ಕಾದಿದೆ. 37ನ್ನು ಬದಿಗಿಟ್ಟು ಉಳಿದ ನಾಲ್ಕನ್ನು ಮಾತ್ರ ತೆಗೆದುಕೊಂಡರೆ 3003ರ ವರ್ಗ, ಅಂದರೆ 90,18,009 ಸಿಗುತ್ತದೆ. ಅದರ ಭಾಗಗಳ ಮೊತ್ತ 90,17,190. ಪರಿಪೂರ್ಣತೆಗೆ ಕೇವಲ 819 ಕಡಿಮೆ! ತೊಂಬತ್ತು ಲಕ್ಷದಲ್ಲಿ ಎಂಟುನೂರ ಹತ್ತೊಂಬತ್ತು. 1638ರಲ್ಲಿ ಫ್ರಾನ್ಸಿನ ದೆಕಾರ್ತ್ ಇದೇ 90,18,009ನ್ನು 22021ರಿಂದ ಗುಣಿಸಿ 1,98,58,55,76,189 ಎಂಬ ಬೆಸಸಂಖ್ಯೆಯನ್ನು ಮುಂದಿಟ್ಟರು. 22021 ಅವಿಭಾಜ್ಯವಾಗಿದ್ದರೆ ಇದು ಪರಿಪೂರ್ಣವಾಗುತ್ತಿತ್ತು ಎಂದರು. ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಆದರೆ 22021 ಅವಿಭಾಜ್ಯವಲ್ಲ. 19, 19 ಮತ್ತು 61ರ ಗುಣಲಬ್ಧ. ಬೆಸ ಪರಿಪೂರ್ಣ ಸಂಖ್ಯೆ ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ದೆಕಾರ್ತರ ಸಂಖ್ಯೆಯೂ ಮಹಾವೀರಾಚಾರ್ಯರ ಸಂಖ್ಯೆಯೂ ಒಂದೇ ನಾಲ್ಕು ವರ್ಗಗಳ ಬುನಾದಿಯ ಮೇಲೆ ನಿಂತಿವೆ. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆಯಲಿಲ್ಲ. ಒಬ್ಬರು ಹಾರ ಪೋಣಿಸಲು ಹೊರಟರು, ಇನ್ನೊಬ್ಬರು ಪರಿಪೂರ್ಣತೆಯನ್ನು ಹುಡುಕಲು. ಚಿಕ್ಕ ಬೆಸ ಅವಿಭಾಜ್ಯಗಳ ದಾರಿಯಲ್ಲಿ ಇಬ್ಬರೂ ಒಂದೇ ಕಲ್ಲಿಗೆ ಕಾಲಿಟ್ಟರು.

ಸಂಖ್ಯೆಯ ಗುಣ ಮತ್ತು ಬರವಣಿಗೆಯ ಗುಣ ಬೇರೆ ಬೇರೆ ಎಂದೆವು. ಈ ವ್ಯತ್ಯಾಸ ನಮ್ಮ ಮನೆಗಳಿಗೂ ಸಂಬಂಧಿಸಿದ್ದು. ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ಸ್ವಲ್ಪ ಹೊತ್ತು ನಿಂತರೆ ರಿಕ್ಷಾಗಳ ಗಾಜಿನ ಮೇಲೆ, ಮೀನಿನ ಲಾರಿಗಳ ಹಣೆಯ ಮೇಲೆ 786 ಕಾಣಸಿಗುತ್ತದೆ. ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್ ಎಂಬುದರ ಅಕ್ಷರಗಳಿಗೆ ಅಬ್ಜದ್ ಬೆಲೆ ಕಟ್ಟಿ ಕೂಡಿಸಿದರೆ 102, 66, 329, 289 ಸೇರಿ 786 ಬರುವುದು ನಿಜ. ಆದರೆ ಮೊರೊಕ್ಕೊ ಕಡೆಯ ಮಗ್ರಿಬೀ ಅಬ್ಜದ್‌ನಲ್ಲಿ ‘ಸೀನ್’ ಅಕ್ಷರದ ಬೆಲೆ 60 ಅಲ್ಲ, 300. ಅಲ್ಲಿ ಅದೇ ಬಿಸ್ಮಿಯ ಮೊತ್ತ 1026. ಬಿಸ್ಮಿ ಬದಲಾಗಲಿಲ್ಲ, ಬೆಲೆಪಟ್ಟಿ ಬದಲಾಯಿತು. ಅಲ್ಲಾಹನ ನಾಮದ ಅಬ್ಜದ್ ಮೊತ್ತ 66. ತೊಕ್ಕೊಟ್ಟನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆಯೂ 66. ಇದರಲ್ಲಿ ಗೂಢಾರ್ಥ ಹುಡುಕುವವರು ಅದೇ ಹೆದ್ದಾರಿ ಕೆಲವು ವರ್ಷಗಳ ಹಿಂದೆ 17 ಆಗಿತ್ತೆಂಬುದನ್ನೂ ನೆನಪಿಡಬೇಕು. ಮಗುವಿನ ಹೆಸರಿನ ಸಂಖ್ಯೆ ಏನು, ಅದು ಶುಭವೇ ಎಂದು ಕೇಳುತ್ತಾ ಬರುವ ತಂದೆತಾಯಂದಿರಿಗೆ ನಾವು ಹೇಳುವುದು ಇಷ್ಟೇ: ಹೆಸರಿನ ಅರ್ಥ ನೋಡಿರಿ.

220 ಮತ್ತು 284ರ ಸ್ನೇಹಸಂಖ್ಯೆಗಳಿಗೂ ಇದೇ ಗತಿಯಾಗಿತ್ತು. ಅವುಗಳನ್ನು ಬರೆದ ತಾಯಿತಗಳು ಇಬ್ಬರ ನಡುವೆ ಪ್ರೀತಿ ಬೆಳೆಸುತ್ತವೆ ಎಂಬ ಮಾತನ್ನು ಇಬ್ನು ಖಲ್ದೂನ್ ತಮ್ಮ ‘ಮುಕದ್ದಿಮಃ’ದಲ್ಲಿ ದಾಖಲಿಸಿದ್ದಾರೆ, ದಾಖಲಿಸಿರುವುದು ಮಾಟ ಮತ್ತು ತಾಯಿತಗಳ ಅಧ್ಯಾಯದಲ್ಲಿ, ಶರೀಅತ್ ಅವುಗಳನ್ನು ನಿಷೇಧಿಸುತ್ತದೆಂದು ಹೇಳುವ ಅಧ್ಯಾಯದಲ್ಲಿ. ಸಾಬಿತ್ ಮತ್ತು ಅಲ್ ಫಾರಿಸಿ ಆ ಎರಡು ಸಂಖ್ಯೆಗಳಿಂದ ಬಯಸಿದ್ದು ಒಂದು ಸಾಧನೆಯನ್ನು ಮಾತ್ರ.

‘ಗಣಿತಸಾರಸಂಗ್ರಹ’ ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನ ಕೈಯಲ್ಲಿ ತೆಲುಗಿಗೆ ಬಂತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ ‘ವ್ಯವಹಾರಗಣಿತ’ ಬರೆದ. ಮಹಾವೀರಾಚಾರ್ಯರ ಸಂಸ್ಕೃತ ಮೂಲವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು.

ಮೇಲೆ ಹೆಸರಿಸಿದ ಏಳು ಹಾರಗಳಲ್ಲಿ ಉಳಿದ ಆರು ಯಾವ ವರ್ಗಕ್ಕೆ ಸೇರುತ್ತವೆ ಎಂದು ಮಕ್ಕಳು ಮನೆಯಲ್ಲೇ ನೋಡಬಹುದು. 15151 ಎಲ್ಲಕ್ಕಿಂತ ಸುಲಭ: 139 ಮತ್ತು 109 ಎರಡೂ ಅವಿಭಾಜ್ಯಗಳಾದ್ದರಿಂದ ಅದರ ಭಾಗಗಳು 1, 109, 139 ಮಾತ್ರ, ಮೊತ್ತ 249. ಎಂಟು ಒಂದುಗಳ ಹಾರ 11, 73, 101, 137 ಎಂದು ಒಡೆಯುತ್ತದೆ. ಒಂಬತ್ತು ಒಂದುಗಳದ್ದು 3, 3, 37 ಮತ್ತು 333667 ಎಂದು. 100010001ರಲ್ಲಿ 3, 7, 13, 37, 9901 ಇವೆ. 1000000001ರಲ್ಲಿ 7, 11, 13, 19, 52579. 11000011000011 ಎಂಬ ಉದ್ದನೆಯ ಹಾರದಲ್ಲಿ 3, 11, 19, 52579, 333667. ಅಲ್ ಫಾರಿಸಿಯವರ ದಾರಿಯಲ್ಲಿ ಕೂಡಿಸಿದರೆ ಆರೂ ಊನಸಂಖ್ಯೆಗಳೇ. ಏಳರಲ್ಲಿ ಅಧಿಕವಾದುದು ಆರರವರೆಗೆ ಏರಿ ಇಳಿಯುವ ಆ ಒಂದು ಮಾತ್ರ.